ಬಿರಡೆ ಹಿಡಿದಿಟ್ಟ ತೊರೆ

ಅಪ್ಪ ಅಮ್ಮ ಅವನಿಗಿಟ್ಟ ಹೆಸರನ್ನು ಊರು ಎಂದೋ ಮರೆತಿತ್ತು. ಎಲ್ಲರ ಬಾಯಲ್ಲೂ ಅವನು ಬಿರಡೆ. ಆ ಸುಣ್ಣಕಲ್ಲಿನ ಕಣಿವೆಯ ತೊರೆ ವರ್ಷವಿಡೀ ಹರಿಯುವ ಜಾತಿಯದಲ್ಲ. ಮಳೆ ಹಿಡಿದ ಮೇಲೆ ಬರುತ್ತದೆ, ನಾಲ್ಕು ತಿಂಗಳು ಮೆರೆಯುತ್ತದೆ, ಆಮೇಲೆ ಯಾರಿಗೂ ಒಂದು ಮಾತು ಹೇಳದೆ ನೆಲದೊಳಗೆ ಇಳಿದುಬಿಡುತ್ತದೆ. ಇದ್ದಷ್ಟು ದಿನವೂ ತಳದ ಕಲ್ಲಿನ ತೂತುಗಳು ಅರ್ಧ ನೀರು ಕುಡಿಯುತ್ತವೆ. ಆ ತೂತುಗಳನ್ನು ಹುಡುಕಿ ಮುಚ್ಚುವುದೇ ಅವನ ಕಸುಬು, ಅವನ ಅಪ್ಪನದೂ ಅದೇ.

ಕೆಲಸ ನೋಡಲು ಸುಲಭ. ನೀರಿನ ಮೇಲೆ ಒಂದು ಬೊಗಸೆ ಮರದ ಪುಡಿ ಚೆಲ್ಲುತ್ತಿದ್ದ. ಪುಡಿ ಎಲ್ಲಿ ಗಿರಗಿರನೆ ಸುತ್ತಿ ಮಾಯವಾಗುತ್ತದೋ ಅಲ್ಲಿ ತೂತು. ಜೇಡಿಮಣ್ಣಿಗೆ ಒಣಹುಲ್ಲು ಕಲಸಿ, ಮೊಣಕೈವರೆಗೆ ಕೈ ಹಾಕಿ ತುರುಕಿ, ಹಿಮ್ಮಡಿಯಿಂದ ತುಳಿದುಬಿಟ್ಟರೆ ಆ ವರ್ಷಕ್ಕೆ ಅದರ ಸುದ್ದಿಯಿಲ್ಲ. ಆದರೆ ಊರಿನ ಮೇಲುಗಡೆ, ಬಂಡೆಯ ಬುಡದಲ್ಲಿ, ಆಳು ಇಳಿಯುವಷ್ಟು ದೊಡ್ಡ ಬಾಯಿಯೊಂದಿತ್ತು. ಅದನ್ನು ಮುಟ್ಟಬೇಡ ಎಂದಿದ್ದ ಅಪ್ಪ. ಯಾಕೆ ಎಂದು ಕೇಳಿದರೆ, “ಬೇಡ ಅಂದ್ರೆ ಬೇಡ” ಎಂದು ಗದರಿದ್ದ. ಕಾರಣ ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಗೊತ್ತಿದ್ದವರು ಅಷ್ಟು ಜೋರಾಗಿ ಗದರುವುದಿಲ್ಲ.

ಅಪ್ಪ ಸತ್ತ ಮೇಲೆ ಬಿರಡೆ ಆ ಬಾಯಿಗೂ ಕೈ ಹಾಕಿದ. ಬಂಡೆಕಲ್ಲು ಉರುಳಿಸಿ, ಸಂದಿಗೆ ಸಿಮೆಂಟು ಸುರಿದು, ಇಪ್ಪತ್ತು ದಿನ ಒದ್ದಾಡಿ ಮುಚ್ಚಿದ. ಆ ವರ್ಷ ತೊರೆ ಎಂಟು ತಿಂಗಳು ಹರಿಯಿತು. ಬಟ್ಟೆ ಒಗೆಯುವವರು, ಬಣ್ಣ ಹಾಕುವವರು, ತರಕಾರಿ ಬೆಳೆಯುವವರು ದಾರಿಯಲ್ಲಿ ನಿಲ್ಲಿಸಿ ಬೆನ್ನು ತಟ್ಟಿದರು. ಅವನಿಗೆ ಸ್ವಲ್ಪ ತಲೆಗೇರಿತು. ಏರದೆ ಇರುತ್ತದೆಯೇ!

ಎಲ್ಲರಿಗಿಂತ ಹೆಚ್ಚು ಬೀಗಿದವಳು ಅವನ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ತೊರೆಯ ದಂಡೆಯಲ್ಲೇ ಮನೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ರವಿಕೆ ಹೊಲಿಸಲು ಬಂದವರು ತಮ್ಮನ ಕಥೆ ಪೂರ್ತಿ ಕೇಳಿಸಿಕೊಂಡ ಮೇಲೆಯೇ ಅವಳು ಅಳತೆಯ ಟೇಪು ಕೈಗೆತ್ತಿಕೊಳ್ಳುತ್ತಿದ್ದಳು.

ಮೂರನೆಯ ವರ್ಷ ಅವಳ ಬಾಗಿಲು ಹೊಸ್ತಿಲಿಗೆ ತಾಗತೊಡಗಿತು.

“ಲೋ, ಈ ನೆಲಕ್ಕೆ ಏನಾಗಿದೆ ನೋಡೋ. ದಾರದ ರೀಲು ಎಲ್ಲಿಟ್ರೂ ಆ ಮೂಲೆಗೇ ಓಡುತ್ತೆ.”

“ಹಳೇ ಮನೆ ಅಕ್ಕ. ನಿನ್ನ ಹಾಗೇ ಒಂದು ಕಡೆ ವಾಲ್ತಿದೆ.”

“ತಡಿ, ನಿನ್ನ ಬಾಯಿಗೆ ಹೊಲಿಗೆ ಹಾಕ್ತೀನಿ.”

ನಗುತ್ತಲೇ ಅವನು ಬಗ್ಗಿ ಮೂಲೆಯ ನೆಲವನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ. ಖಾಲಿ ಡಬ್ಬಿ ತಟ್ಟಿದ ಸದ್ದು. ಹಿತ್ತಿಲಿಗೆ ಹೋಗಿ ತೊರೆಗೆ ಮರದ ಪುಡಿ ಚೆಲ್ಲಿದ. ಪುಡಿ ಅಕ್ಕನ ಗೋಡೆಯ ಬುಡಕ್ಕೆ ಹೋಗಿ, ಎರಡು ಸುತ್ತು ಸುತ್ತಿ, ಒಳಗೆ ಹೋಯಿತು. ಆಗ ಅವನು ಮಾಡಿದ್ದು ತನಗೆ ಬರುತ್ತಿದ್ದ ಒಂದೇ ಕೆಲಸ: ಮಣ್ಣು ಹುಲ್ಲು ಕಲಸಿ ಆ ತೂತನ್ನೂ ಮುಚ್ಚಿದ.

“ಸರಿ ಮಾಡಿದೀನಿ ಅಕ್ಕ. ಇನ್ನೇನೂ ಹೆದರೋದು ಬೇಡ.”

ಹದಿನೈದು ದಿನ ಕಳೆದವು. ಅಕ್ಕನ ಎದುರುಮನೆಯ ಕ್ಷೌರಿಕ ಒಂದು ಬೆಳಿಗ್ಗೆ ಅವನ ಗಡ್ಡಕ್ಕೆ ಸೋಪು ಹಚ್ಚುತ್ತ, “ಊರ ಕೆಳಗಿನ ಬುಗ್ಗೆ ನೀರು ಕೆಸರಾಗಿದೆಯಲ್ಲೋ, ನಮ್ಮನೇಲಿ ಕುಡಿಯೋದೇ ಬಿಟ್ಟಿದೀವಿ” ಎಂದ. ತೊರೆಯ ತೂತುಗಳು ಕುಡಿದ ನೀರೆಲ್ಲ ಕೊನೆಗೆ ಮೇಲೇಳುವುದು ಆ ಬುಗ್ಗೆಯಲ್ಲೇ. ಬಿರಡೆ ಅರ್ಧ ಗಡ್ಡದಲ್ಲೇ ಎದ್ದು ಓಡಿದ. ನೀರು ಹಳದಿ ಮಣ್ಣನ್ನು ಕಾರುತ್ತಿತ್ತು. ಮಣ್ಣಿನ ಜೊತೆ ಒಣಹುಲ್ಲಿನ ಚೂರು. ಅವನೇ ಕಲಸಿದ ಹುಲ್ಲು.

ಎಲ್ಲ ಅರ್ಥವಾಯಿತು. ದೊಡ್ಡ ಬಾಯಿ ಮುಚ್ಚಿದ್ದರಿಂದ ನೀರು ಮನೆಗಳ ಕೆಳಗೆ ದಾರಿ ಮಾಡಿಕೊಂಡಿತ್ತು. ಅಕ್ಕನ ಮನೆಯಡಿಯ ಮಣ್ಣು ಮೂರು ವರ್ಷದಿಂದ ಇಲ್ಲಿ ಬಂದು ಬೀಳುತ್ತಿತ್ತು.

ಹೇಳಲೆಂದೇ ಹೋದ. ಅಕ್ಕ ರವಿಕೆಗೆ ಗುಂಡಿ ಹೊಲಿಯುತ್ತ ಯಾರಿಗೋ ಹೇಳುತ್ತಿದ್ದಳು: “ನೆಲ ಒಂಚೂರು ಕೂತಿತ್ತು. ನನ್ನ ತಮ್ಮ ನೋಡಿದ, ಅಲ್ಲಿಗೆ ಮುಗೀತು.” ತಪ್ಪಾಯಿತು ಅಕ್ಕ, ಇವತ್ತೇ ಮನೆ ಬಿಡು ಎನ್ನಬೇಕಿತ್ತು. ಬದಲಿಗೆ ಒಂದು ಉಪಾಯ ಹೊಳೆಯಿತು. ದೊಡ್ಡ ಬಾಯಿಯನ್ನು ತಾನೇ ಒಡೆದರೆ ನೀರು ಹಳೆಯ ದಾರಿ ಹಿಡಿಯುತ್ತದೆ, ಮನೆಯಡಿ ಒಣಗುತ್ತದೆ. ಅಕ್ಕನ ಮುಂದೆ ತಲೆ ತಗ್ಗಿಸುವ ಪ್ರಮೇಯವೇ ಬರುವುದಿಲ್ಲ. ಇಂಥ ಉಪಾಯಗಳು ಮರ್ಯಾದೆಗೆ ಅಂಜುವವನ ತಲೆಗೇ ಹೊಳೆಯುತ್ತವೆ.

“ಮೇಲಿನ ಬಾಯಿ ಹತ್ರ ಸ್ವಲ್ಪ ಕೆಲಸ ಇದೆ” ಎಂದಷ್ಟೇ ಅಕ್ಕನಿಗೆ ಹೇಳಿ ಮರುದಿನ ಬೆಳಿಗ್ಗೆ ಹೊರಟ.

“ಒಬ್ಬನೇ ಇಳೀಬೇಡ್ವೋ ಅದರೊಳಗೆ.”

“ನಾನೇನು ಚಿಕ್ಕ ಮಗುವಾ?”

ಹಾರೆ, ಸುತ್ತಿಗೆ ಹಿಡಿದು ಮಧ್ಯಾಹ್ನದವರೆಗೆ ಸಿಮೆಂಟು ಕುಟ್ಟಿದ. ಕೊನೆಯ ಬಂಡೆ ಅಲುಗಿದ್ದೇ ತಡ, ಬಾಯಿ ಗೊಳ್ಳೆಂದು ನೀರು ನುಂಗತೊಡಗಿತು. ಊರಿನ ಕಡೆಗಿದ್ದ ತಳವೆಲ್ಲ ನೋಡನೋಡುತ್ತ ಬಿಳಿಯ ಕಲ್ಲಾಯಿತು. ಬಿರಡೆ ಒದ್ದೆ ಬಂಡೆಯ ಮೇಲೆ ಕುಳಿತು ಒಬ್ಬನೇ ನಕ್ಕ. ಬದುಕಿದೆ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಊರಿನ ಕಡೆಯಿಂದ ಒಂದು ಸದ್ದು ಬಂತು, ತುಂಬಿದ ಮೂಟೆಯನ್ನು ಧೊಪ್ಪನೆ ನೆಲಕ್ಕೆ ಬಿಟ್ಟ ಹಾಗೆ. ಆಮೇಲೆ ಜನರ ಕೂಗು.

ಓಡಿ ಬಂದಾಗ ಮನೆಯ ಮುಂಗೋಡೆ ನಿಂತೇ ಇತ್ತು, ಅಂಗಡಿಯ ಬೋರ್ಡೂ ನೇರವಾಗಿಯೇ ಇತ್ತು. ತೆರೆದ ಬಾಗಿಲ ಆಚೆ ಮನೆ ಇರಲಿಲ್ಲ, ಹೊಂಡವಿತ್ತು. ನೀರು ಆ ನೆಲದ ಕೆಳಗಿನ ಮಣ್ಣನ್ನು ತಿಂದದ್ದು ನಿಜ. ತಿಂದ ಜಾಗದಲ್ಲಿ ತಾನೇ ತುಂಬಿ ನಿಂತು, ಇಷ್ಟು ದಿನ ನೆಲವನ್ನು ಹೊತ್ತುಕೊಂಡದ್ದೂ ಅದೇ ನೀರು. ಅದನ್ನು ಅವನು ಒಂದೇ ಏಟಿಗೆ ಎಳೆದುಬಿಟ್ಟಿದ್ದ.

ಕ್ಷೌರಿಕ ಅವನ ತೋಳು ಹಿಡಿದುಕೊಂಡ.

“ಗೋಡೆ ಬಿರುಕು ಬಿಡ್ತಿದ್ದ ಹಾಗೇ ಕೂಗಿದೆ ಕಣೋ. ಅಕ್ಕ ಹೊರಗೆ ಬಂದ್ರು, ಬೀದಿಗೇ ಬಂದಿದ್ರು. ಆಮೇಲೆ ತೊರೆ ಖಾಲಿ ಆಗಿರೋದು ನೋಡಿದ್ರು. ‘ನೀರೆಲ್ಲ ಆ ಬಾಯೊಳಗೆ ಹೋಗಿದೆ, ನನ್ನ ತಮ್ಮ ಅಲ್ಲೇ ಇದಾನೆ’ ಅಂತ ಚೀರಿದ್ರು. ಹಗ್ಗ ತರ್ತೀನಿ ಅಂತ ಒಳಗೆ ಓಡಿದ್ರು. ನಾನು ಹಿಡಿಯೋಕೆ ಹೋದೆ, ಸೆರಗು ಕೈಗೆ ಸಿಕ್ಕಿ ಜಾರಿ ಹೋಯ್ತು.”

ಬಿರಡೆ ಹೊಂಡದ ಅಂಚಿನಲ್ಲಿ ಬೋರಲು ಬಿದ್ದು, “ಅಕ್ಕಾ, ನನಗೇನೂ ಆಗಿಲ್ಲ, ನಾನಿಲ್ಲೇ ಇದೀನಿ” ಎಂದು ಕೂಗಿದ. ಮತ್ತೆ ಮತ್ತೆ ಕೂಗಿದ. ಕೆಳಗೆ ನೀರು ಇಳಿದು ಹೋಗುವ ಸದ್ದು ಇನ್ನೂ ಕೇಳಿಸುತ್ತಿತ್ತು.