ತುದಿಗೆ ಐದು, ಬುಡಕ್ಕೆ ಮೂರು

ನಾನು ಚಿಕ್ಕವಳಿದ್ದಾಗ, ಅಪ್ಪ ಶ್ರುತಿ ಮಾಡಲು ಕೂತನೆಂದರೆ ನಮ್ಮ ಮನೆಯಲ್ಲಿ ಯಾರೂ ಹಪ್ಪಳ ತಿನ್ನುವಂತಿರಲಿಲ್ಲ. ಆ ಸದ್ದಿಗೂ ಅವನು ತಲೆಯೆತ್ತಿ ದುರುಗುಟ್ಟುತ್ತಿದ್ದ. ಶಿರಸಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವನ ಹಾರ್ಮೋನಿಯಂ ಪೇಟಿ ರಿಪೇರಿ. ಸಿದ್ದಾಪುರ, ಯಲ್ಲಾಪುರದಿಂದಲೂ ಪೇಟಿಗಳು ಬಸ್ಸು ಹತ್ತಿ ಬರುತ್ತಿದ್ದವು. ಕೋಣೆಯ ತುಂಬ ಹಿತ್ತಾಳೆ, ಹಳೆಯ ಚರ್ಮ, ಜಿರಲೆ ಬಾರದಿರಲೆಂದು ಇಟ್ಟ ಕರ್ಪೂರದ ವಾಸನೆ.

ಪೇಟಿಯಲ್ಲಿ ಬೆರಳಿಡುವ ಪ್ರತಿ ಮನೆಗೂ ಒಳಗೆ ಎರಡೆರಡು ಹಿತ್ತಾಳೆಯ ನಾಲಿಗೆಗಳಿರುತ್ತವೆ. ಗಾಳಿ ತಾಗಿದರೆ ಅವು ಹಾಡುತ್ತವೆ. ಎರಡೂ ಒಂದೇ ಸ್ವರದಲ್ಲಿದ್ದರೆ ದನಿ ನೆಟ್ಟಗೆ ನಿಲ್ಲುತ್ತದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ‘ವ್ವಾ... ವ್ವಾ...’ ಎಂದು ಅಲೆಯಾಡುತ್ತದೆ. ಸ್ವರ ಏರಿಸಲು ನಾಲಿಗೆಯ ತುದಿಯನ್ನು ಕೆರೆಯಬೇಕು, ಇಳಿಸಲು ಬುಡವನ್ನು. ಅಪ್ಪ ಒಂದು ಗೀರು ಎಳೆದು ಕೇಳುತ್ತಿದ್ದ, ಮತ್ತೊಂದು ಎಳೆದು ಮತ್ತೆ ಕೇಳುತ್ತಿದ್ದ, ಅಲೆ ನಿಧಾನವಾಗಿ ನಿಂತೇ ಹೋಗುವವರೆಗೆ. ಜಾಸ್ತಿ ಕೆರೆದರೆ ನಾಲಿಗೆ ಸವೆದು ಮುರಿದೇ ಹೋಗುತ್ತದೆ.

ಆ ದಿನ ದಾಸನಕೊಪ್ಪದ ಭಜನೆಯವರೊಬ್ಬರು ತಮ್ಮ ಪೇಟಿಗಾಗಿ ಬೆಳಿಗ್ಗೆಯೇ ಬಂದು ಕೂತಿದ್ದರು. ಸಂಜೆ ಊರಲ್ಲಿ ಭಜನೆ, ಮೂರು ಗಂಟೆಯ ಬಸ್ಸು ತಪ್ಪುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಸ್ವರ ಉಳಿದಿತ್ತು. ಅದೂ ಮುಕ್ಕಾಲು ಮುಗಿದಿತ್ತು. ಅಕ್ಕ ಊಟಕ್ಕೆ ಕರೆದಳು. ಅಪ್ಪ ಅವರನ್ನೂ ಕರೆದುಕೊಂಡು ಒಳಗೆ ಹೋದ.

ಅರ್ಧ ಕಲಿತವನ ಅಬ್ಬರ ಹೆಚ್ಚು ಎನ್ನುತ್ತಾರೆ. ನಾನು ಅರ್ಧವೂ ಕಲಿತಿರಲಿಲ್ಲ. ಅಪ್ಪ ಬರುವಷ್ಟರಲ್ಲಿ ಮುಗಿಸಿ ಶಭಾಷ್ ಅನ್ನಿಸಿಕೊಳ್ಳೋಣವೆಂದು ಆ ಉಳಿದ ನಾಲಿಗೆಯ ತುದಿಗೆ ಎರಡು ಗೀರು ಎಳೆದೆ. ಸ್ವರ ಮೇಲೇರಿತು. ಗಾಬರಿಯಾಗಿ ಬುಡಕ್ಕೆ ಮೂರು ಎಳೆದೆ. ಕೆಳಗೆ ಬಿದ್ದೇಬಿಟ್ಟಿತು. ಮತ್ತೆ ತುದಿಗೆ ಮೂರು ಎಳೆಯುವಾಗ ಒಳಗೆ ಕೈತೊಳೆಯುವ ಸದ್ದು ಕೇಳಿತು. ಎಲ್ಲ ಇದ್ದ ಹಾಗೇ ಇಟ್ಟು ಬಾಗಿಲ ಹಿಂದೆ ನಿಂತೆ.

ಅಪ್ಪ ಕೂತು ಆ ಸ್ವರದ ಮನೆ ಒತ್ತಿದ. ‘ವ್ವಾವ್ವಾವ್ವಾ’ ಎಂದಿತು. ಅವನ ಹುಬ್ಬು ಗಂಟಾಯಿತು. ನಾಲಿಗೆಯನ್ನು ಬೆಳಕಿಗೆ ಹಿಡಿದ. ಅದರ ಮೇಲೆ ವರ್ಷಾನುಗಟ್ಟಲೆಯ ಗೀರುಗಳಿದ್ದವು, ನನ್ನವು ಅದರಲ್ಲಿ ಬೆರೆತುಹೋಗಿದ್ದವು. ಮತ್ತೆ ಒತ್ತಿದ. ಒಂದು ಕಿವಿ ಮುಚ್ಚಿ ಕೇಳಿದ, ಇನ್ನೊಂದು ಮುಚ್ಚಿ ಕೇಳಿದ. ಆಮೇಲೆ ಬೆಳಗಿನಿಂದ ಸರಿಮಾಡಿದ್ದ ಸ್ವರಗಳನ್ನೆಲ್ಲ ಒಂದೊಂದಾಗಿ ಒತ್ತತೊಡಗಿದ. ಸರಿಯಿದ್ದುದನ್ನೂ ನಂಬದೆ ಎರಡೆರಡು ಸಲ ಒತ್ತಿದ.

“ಆತೇನ್ರಿ? ಬಸ್ಸಿನ ಹೊತ್ತಾತು” ಎಂದರು ಭಜನೆಯವರು.

ಅಪ್ಪ ಪೇಟಿಯಿಂದ ಕೈ ತೆಗೆದ. “ಊಟಕ್ಕೆ ಏಳುವಾಗ ಸರಿ ಕೇಳ್ತಿತ್ತು. ನನ್ನ ಕಿವಿಯೇ ಹೋಯ್ತಾ ಎಂತ. ಇದನ್ನ ನೀವು ಹುಬ್ಬಳ್ಳಿಗೆ ತಗೊಂಡ್ ಹೋಗಿ.”

“ಹುಬ್ಬಳ್ಳಿಗೇನ್ರಿ? ಸಂಜಿಗೆ ಭಜನಿ ಐತ್ರಿ!”

ಅಪ್ಪ ಸಾಮಾನುಗಳನ್ನು ಒರೆಸಿ ಡಬ್ಬಿಗೆ ತುಂಬತೊಡಗಿದ. ಆ ದಿನಕ್ಕಲ್ಲ, ಇನ್ನು ಯಾವತ್ತೂ ತೆಗೆಯುವುದಿಲ್ಲ ಎನ್ನುವ ಹಾಗೆ ತುಂಬುತ್ತಿದ್ದ. ಪೆಟ್ಟು ತಿನ್ನುವುದಕ್ಕಿಂತ ಅದನ್ನು ನೋಡುವುದೇ ನನಗೆ ಕಷ್ಟವಾಯಿತು. ಬಾಗಿಲ ಹಿಂದಿನಿಂದ ಬಂದು, “ಅಪ್ಪಾ, ನಿನ್ನ ಕಿವಿ ಹೋಗ್ಲಿಲ್ಲ. ನಾನೇ ಕೆರೆದಿದ್ದು” ಎಂದೆ.

ಅಪ್ಪ ಕೈ ಎತ್ತಲಿಲ್ಲ. ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟ. “ಸುಳ್ಳು ಹೇಳ್ಬೇಡ. ತುದಿಗೆ ಎಷ್ಟು, ಬುಡಕ್ಕೆ ಎಷ್ಟು?”

“ತುದಿಗೆ ಐದು, ಬುಡಕ್ಕೆ ಮೂರು.”

ನಾಲಿಗೆ ಎಲ್ಲಿ ಎಷ್ಟು ಸವೆದಿದೆಯೆಂದು ಅವನಿಗೆ ಅಷ್ಟರಲ್ಲೇ ಗೊತ್ತಾಯಿತು. ಅದರ ಅಡಿಗೆ ತೆಳು ತಗಡು ತೂರಿಸಿ, ತುದಿಗೆ ಒಂದು ಹಗುರ ಗೀರು ಎಳೆದ. ಮುರಿದರೆ ಮುಗಿಯಿತು, ಅಂಥದ್ದು ಶಿರಸಿಯಲ್ಲಿ ಇನ್ನೊಂದಿಲ್ಲ. ಭಜನೆಯವರೂ ಉಸಿರು ಬಿಗಿಹಿಡಿದಿದ್ದರು. ‘ವ್ವಾ... ವ್ವಾ...’ ಇನ್ನೊಂದು ಗೀರು. ‘ವ್ವಾ......’ ದನಿ ನೆಟ್ಟಗೆ ನಿಂತಿತು. ಪೇಟಿಯನ್ನು ಹೆಗಲಿಗೇರಿಸಿ ಅವರು ಓಡಿದರು. ಬಸ್ಸು ಹೋದ ಮೇಲೆ ಅಪ್ಪ ನನ್ನ ಕಿವಿ ಹಿಂಡಿದ, ಅದೂ ಸಮಾ ಹಿಂಡಿದ.

ಮೊಮ್ಮಕ್ಕಳೇ, ನಿಮ್ಮ ಗಿಟಾರಿನ ತಂತಿ ಸರಿಯಾದರೆ ಫೋನಿನಲ್ಲಿ ಹಸಿರು ದೀಪ ಹತ್ತುತ್ತದೆ. ಯಾರೂ ಉಸಿರು ಕಟ್ಟಿ ಕೂರಬೇಕಿಲ್ಲ, ಹಪ್ಪಳವನ್ನೂ ತಿನ್ನಬಹುದು. ನನಗೇನೂ ಹೊಟ್ಟೆಕಿಚ್ಚಿಲ್ಲ, ಒಳ್ಳೆಯದೇ ಆಯಿತು. ಆದರೆ ಮೂರು ದಿನದಿಂದ ನಿಮ್ಮ ಅಜ್ಜ ಕನ್ನಡಕ ಹುಡುಕುತ್ತಿದ್ದಾರೆ. ಎಲ್ಲಿಟ್ಟೆನೆಂದು ನೆನಪಾಗದೆ, ತನಗೆ ಅರಳುಮರುಳು ಶುರುವಾಯಿತು ಎಂದು ನಿನ್ನೆ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದರು. ಇವತ್ತು ಬೆಳಿಗ್ಗೆ ನಿಮ್ಮ ಹಾಸಿಗೆ ಕೊಡವುವಾಗ ಅದು ನನಗೆ ಸಿಕ್ಕಿತು, ಎರಡು ತುಂಡಾಗಿ. ನಾನು ಹೇಳಿಲ್ಲ. ಅಜ್ಜ ಜಗಲಿಯಲ್ಲಿ ಒಬ್ಬರೇ ಇದ್ದಾರೆ, ಹೋಗಿ.