ಕಾಂತಾ ಆಯಿಯ ತಿಗಣೆ ಬಾಟಲಿ

ನಮ್ಮ ಅಜ್ಜಿ ಕಾಂತಾ ಆಯಿ ಇವತ್ತಿಗೂ ಯಾವ ಊರಿನ ಲಾಡ್ಜಿಗೆ ಹೋದರೂ ಕೈಕಾಲು ತೊಳೆಯುವ ಮೊದಲೇ ಮಂಚ ಎಳೆದು ಸಂದಿಗೊಂದಿ ನೋಡುತ್ತಾಳೆ. ರೂಮು ತೋರಿಸಲು ಬಂದವನು ಬಾಗಿಲಲ್ಲೇ ನಿಂತಿರಬೇಕು. ಮಂಚ ಪಾಸಾದರೆ ಮಾತ್ರ ನಮ್ಮ ಬ್ಯಾಗು ಒಳಗೆ. ನನಗೆ ನಾಚಿಕೆಯಾಗುತ್ತಿತ್ತು, ಅವಳ ಹತ್ತೊಂಬತ್ತನೆಯ ವಯಸ್ಸಿನ ಕಥೆ ಕೇಳುವ ತನಕ.

ಅದು 1979. ಖಾನಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಆದಿನಾಥರ ಮಗಳು ಕಾಂತಾ, ಮಾಸ್ತರಿಕೆ ಕಲಿಯಲು ಬೆಳಗಾವಿಗೆ ಹೊರಟಳು. ಬಸ್ಸು ಹತ್ತಿಸುವಾಗ ಅಪ್ಪ ಒಂದೇ ಕರಾರು ಹಾಕಿದರು.

"ನಿನ್ನ ಮ್ಯಾಲ ಒಂದ ದೂರು ಬಂತಂದ್ರ ಗಂಟು ಕಟ್ಟಿಸಿ ಕರಕೊಂಡ ಬರ್ತೇನಿ. ಆಮ್ಯಾಲ ಸಾಲಿ ಮಾತ ತಗೀಬ್ಯಾಡ."

ದೂರು ನಾಲ್ಕೇ ದಿನಕ್ಕೆ ಹೋಯಿತು.

ಅವಳು ಸೇರಿದ್ದು ಜೈನ ಸಮಾಜದ ಒಂದು ಹುಡುಗಿಯರ ಹಾಸ್ಟೆಲ್ಲು. ಎರಡನೆಯ ಬೆಳಗ್ಗೆಯೇ ಕುತ್ತಿಗೆಯಿಂದ ಮೊಣಕಾಲಿನ ತನಕ ಕೆಂಪು ದದ್ದು. ಕಾಂತಾ ಹೋಗಿ ವಾರ್ಡನ್ ಸೋನಾಬಾಯಿಗೆ ತೋರಿಸಿದಳು.

"ತಗಣಿ ಅದಾವ್ರಿ, ಅಕ್ಕಾರ."

"ನಮ್ಮಲ್ಲಿ ತಗಣಿ? ಖಾನಾಪುರ ಬಸ್ಸಿನ್ಯಾಗಿಂದ ನಿನ್ನ ಕೌದಿಯೊಳಗ ಕುಂತ ಬಂದಾವ!" ಎಂದ ಸೋನಾಬಾಯಿ, ಆದಿನಾಥರಿಗೆ ಕಾಗದವನ್ನೇ ಬರೆದುಬಿಟ್ಟರು. ರವಿವಾರ ಬಂದು ಮಗಳನ್ನು ಒಯ್ಯಬೇಕು.

ಒಂದೇ ರೂಮಿನಲ್ಲಿದ್ದ ಸಿದ್ದಕ್ಕನಿಗೆ ಸಿಟ್ಟು ಬಂತು. "ಚಿಮಣಿ ಎಣ್ಣಿ ಸುರದ ಬಿಡೂಣೇನ? ಒಂದೂ ಉಳಿಯಂಗಿಲ್ಲ."

"ಹುಚ್ಚಿ, ಇಲ್ಲಿ ಇರಬಿ ಕೊಂದರೂ ಹೊರಗ ಹಾಕ್ತಾರ. ಕೊಲ್ಲೂದ ಬ್ಯಾಡ. ಅವು ಯಾರ ಮನಿಯವು ಅಂತ ಕೇಳೂಣು."

ಹಾಸ್ಟೆಲಿನ ಕಟ್ಟಿಗೆ ಮಂಚಗಳೆಲ್ಲ ಸಮಾಜದ ಅಧ್ಯಕ್ಷ ತಾತ್ಯಾಸಾಹೇಬರ ಹಳೆಯ ದೊಡ್ಡ ಮನೆ, ವಾಡೆಯಿಂದ, ಕಾಂತಾ ಬರುವ ಮೊದಲೇ ಜೂನ್ ತಿಂಗಳಲ್ಲಿ ಬಂದಿದ್ದವು. ಪ್ರತಿ ಮಂಚದ ತಲೆಗೂ 'ತಾತ್ಯಾಸಾಹೇಬರ ದಾನ' ಎಂದು ಕೊರೆದ ಹಿತ್ತಾಳೆ ತಗಡು. ವಾಡೆಯಲ್ಲೇ ಜಡಿಸಿ ಕಳಿಸಿದ್ದರು. ಒಂದರ ಕಾಲು ಮಾತ್ರ ದಾರಿಯಲ್ಲೇ ಮುರಿದಿತ್ತು. ಅದು ಇಳಿದ ದಿನವೇ ಉಗ್ರಾಣ ಸೇರಿತ್ತು, ಅದರ ಮೇಲೆ ಯಾರೂ ಮಲಗಿರಲಿಲ್ಲ.

ರವಿವಾರ ಹತ್ತು ಗಂಟೆಗೆ ತಾತ್ಯಾಸಾಹೇಬರು ಎಂದಿನಂತೆ ತಪಾಸಣೆಗೆ ಬಂದರು. ಆದಿನಾಥರೂ ಬಂದು ತಲೆ ತಗ್ಗಿಸಿ ನಿಂತಿದ್ದರು.

"ಗಂಟು ಕಟ್ಟೀಯೇನ?"

"ತಡೀರಿ ಅಪ್ಪಾ," ಎಂದಳು ಕಾಂತಾ. ಅವಳೂ ಸಿದ್ದಕ್ಕನೂ ಉಗ್ರಾಣದಿಂದ ಆ ಕುಂಟು ಮಂಚವನ್ನು ಎಳೆದು ತಂದು ಅಂಗಳದ ನೆರಳಿನಲ್ಲಿ ಹಾಕಿದರು.

"ಏ, ಏನ ಹಚ್ಚೀರಿ?" ಸೋನಾಬಾಯಿ ಕೂಗಿದರು.

ಕಾಂತಾ ನಾಲ್ಕಾಣೆ ನಾಣ್ಯದ ಅಂಚಿನಿಂದ ತಗಡಿನ ಸ್ಕ್ರೂ ತಿರುಗಿಸಿದಳು. ತಗಡು ಕಳಚಿತು. ಹಿಂದೆ ಕಟ್ಟಿಗೆಯೇ ಕಾಣಿಸಲಿಲ್ಲ! ತಿಗಣೆ, ತಿಗಣೆಯ ಮರಿ, ಮೊಟ್ಟೆ, ಕಳಚಿದ ಸಿಪ್ಪೆ, ಒಂದರ ಮೇಲೊಂದು.

"ನಾ ಬಂದ ಇನ್ನೂ ವಾರ ಆಗಿಲ್ಲ. ಈ ಮಂಚ ನಾ ಮುಟ್ಟೇ ಇಲ್ಲ. ಇಷ್ಟ ದೊಡ್ಡ ಸಂಸಾರ ನನ್ನ ಕೌದಿಯೊಳಗ ಬಂತೇನ್ರಿ, ಅಕ್ಕಾರ?"

ಸೋನಾಬಾಯಿ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ತಗಡಿನ ಮೇಲಿನ ತಮ್ಮ ಹೆಸರು ನೋಡಿದರು.

ಕಾಂತಾ ಮೆತ್ತಗಿನ ಬಟ್ಟೆಯ ತುದಿಯಿಂದಲೇ ಒಂದಕ್ಕೂ ನೋವಾಗದಂತೆ ತಿಗಣೆಗಳನ್ನು ಗಾಜಿನ ಬಾಟಲಿಗೆ ಇಳಿಸಿದಳು. ಬಾಟಲಿಯ ಬಾಯಿಗೆ ತೆಳು ಅರಿವೆ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ತಾತ್ಯಾಸಾಹೇಬರ ಮುಂದೆ ನಿಂತಳು.

"ಸಾವಕಾರ್ರ, ನಮ್ಮವ್ವ ದಿನಾ ಮುಂಜಾನಿ ನೀರು ಸೋಸತಾಳ. ಅರಿವ್ಯಾಗ ಉಳದ ಜೀವ ಚೆಲ್ಲಂಗಿಲ್ಲ. ಯಾ ಬಾವಿ ನೀರೋ ಅದ ಬಾವಿಗೆ ಹೊಳ್ಳಿ ಬಿಡತಾಳ. ನಿಮ್ಮ ಮನ್ಯಾಗೂ ಹಂಗ ಅಲ್ಲೇನ್ರಿ?"

"ಹೌದವ್ವಾ, ಹಂಗ."

"ಹಂಗಾದ್ರ ಇವೂ ಹುಟ್ಟಿದ ಮನೀಗೆ ಹೋಗಬೇಕಲ್ಲ. ತಗೋರಿ."

ಸಿದ್ದಕ್ಕ ಸೆರಗು ಕಚ್ಚಿಕೊಂಡು ನಗುತ್ತಿದ್ದಳು. ತಾತ್ಯಾಸಾಹೇಬರು ದಿನಾ ಬಸದಿಗೆ ಹೋಗುವ ಮನುಷ್ಯ. ಬೇಡ ಎನ್ನುವ ಹಾಗಿಲ್ಲ, ಎಸೆಯುವ ಹಾಗಂತೂ ಇಲ್ಲವೇ ಇಲ್ಲ. ತೋಳು ಉದ್ದ ಮಾಡಿ ಬಾಟಲಿ ಹಿಡಿದುಕೊಂಡು ಕಾರಿನ ಕಡೆ ನಡೆದರು. ಬಾಗಿಲ ಬಳಿ ತಿರುಗಿ, "ಸೋನಾಬಾಯಿ, ಆ ಕಾಗದ ಹೊಳ್ಳಿ ಇಸಗೊಂಡ ಹರದ ಒಗೀರಿ. ಗಾಡಿ ಕಳಸತೇನಿ, ಮಂಚ ಎಲ್ಲಾ ಹೊಳ್ಳಿ ಬರ್ಲಿ," ಎಂದರು.

ಆ ಮಳೆಗಾಲವಿಡೀ ಹುಡುಗಿಯರು ಚಾಪೆ ಹಾಸಿ ನೆಲದ ಮೇಲೇ ಮಲಗಿದರು. ದೀಪಾವಳಿಗೆ ಕಬ್ಬಿಣದ ಮಂಚ ಬಂದವು, ತಗಡಿಲ್ಲದೆ. ಮುಂದೆ ಖಾನಾಪುರ ತಾಲೂಕಿನ ಶಾಲೆಗಳಲ್ಲಿ ಆಯಿ ಮೂವತ್ತು ವರ್ಷ ಕಲಿಸಿದಳು.

ಆ ದಿನ ಆದಿನಾಥರು ಮಗಳ ಕೌದಿಯನ್ನು ತಾವೇ ಎತ್ತಿ ಒಳಗಿಟ್ಟು, ಗೇಟಿನ ತನಕ ಬಂದರಂತೆ. ಅಲ್ಲಿ ನಿಂತು, ನಗು ತಡೆದುಕೊಂಡು ಕೇಳಿದರಂತೆ: "ಇನ್ನೊಂದ ಕಾಗದ ಬಂದ್ರ?"

"ನೀವೂ ಬರ್ರಿ. ಇನ್ನೊಂದ ಬಾಟ್ಲಿ ತೊಳದ ಇಟ್ಟಿರತೇನಿ."