ಗೆರೆಗೆ ನಿಂತ ಎಣ್ಣೆ

ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರುಗಳ ಬಾಯಲ್ಲಿ ನಾನು ಬೈಸಿಕೊಂಡಷ್ಟು ಇನ್ಯಾರೂ ಬೈಸಿಕೊಂಡಿರಲಿಕ್ಕಿಲ್ಲ. ತೊಡೆಯ ಮೇಲೆ ಗೋಣಿಚೀಲ, ಚೀಲದೊಳಗೆ ಯಾರದೋ ಟ್ರಾಕ್ಟರಿನ ಡೀಸೆಲ್ ಪಂಪು. ಎಷ್ಟು ಒರೆಸಿ ಸುತ್ತಿದ್ದರೂ ಜಾವಗಲ್ ಬರುವುದರೊಳಗೆ ಅದರ ವಾಸನೆ ಬಸ್ಸಿಗೆಲ್ಲ ಹರಡಿರುತ್ತಿತ್ತು. “ಇದೇನ್ ಬಸ್ಸೋ, ಪೆಟ್ರೋಲ್ ಬಂಕೋ? ಇಳೀರಿ ಕೆಳಗೆ” ಎನ್ನುವರು. ನನಗೋ ಮೂಗಿನ ತುದಿಯಲ್ಲೇ ಕೋಪ. “ನಿಮ್ಮ ಬಸ್ಸೇನು ಹಾಲು ಕುಡ್ಕೊಂಡು ಓಡ್ತೈತಾ?” ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ಆ ಬಸ್ಸು ಕಂಡರೆ ಕೈಯ ಕೆಲಸ ಬಿಟ್ಟು ನೋಡುತ್ತಾ ನಿಲ್ಲುತ್ತೇನೆ.

ಹುಲಿಕೆರೆ ರಸ್ತೆಯಲ್ಲಿರುವ ನನ್ನ ವರ್ಕ್‌ಶಾಪಿನಲ್ಲಿ ಟ್ರಾಕ್ಟರಿನ ಎಲ್ಲ ಕೆಲಸವೂ ಆಗುತ್ತಿತ್ತು, ಪಂಪಿನದೊಂದು ಬಿಟ್ಟು. ಅದಕ್ಕೆ ಟೆಸ್ಟ್ ಬೆಂಚ್ ಬೇಕು. ಪಂಪನ್ನು ಬೆಂಚಿನ ಮೇಲೆ ಬಿಗಿದು ಮೋಟಾರಿನಿಂದ ತಿರುಗಿಸಿದರೆ, ಇಂಜಿನ್ನಿಗೆ ಎಷ್ಟು ಡೀಸೆಲ್ ಎಣ್ಣೆ ಹೋಗುತ್ತದೆ ಎನ್ನುವುದು ಎದುರಿನ ಗಾಜಿನ ಕೊಳವೆಗಳಲ್ಲಿ ಕಾಣುತ್ತದೆ. ಎಣ್ಣೆ ಎಲ್ಲ ಕೊಳವೆಯಲ್ಲೂ ಗೆರೆಗೆ ಸರಿಯಾಗಿ ನಿಲ್ಲುವಂತೆ ಪಂಪನ್ನು ತಿದ್ದಬೇಕು. ಅಂಥ ಬೆಂಚು ಹಾಸನದಲ್ಲೂ ಇತ್ತು, ಆದರೆ ನಾವು ಪಂಪು ಮಾಡಿಸುತ್ತಿದ್ದದ್ದು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಒಬ್ಬ ಹಿರಿಯರ ಅಂಗಡಿಯಲ್ಲಿ. ಊರೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿತ್ತು.

ಮೇಸ್ತ್ರಿ ಪಂಪು ಬಿಗಿದು ಸ್ವಿಚ್ಚು ಹಾಕಿದರೆ ಯಾರೂ ಮಾತಾಡಕೂಡದು. ಪಕ್ಕದ ಮಂಡಿಯಿಂದ ಒಣಕೊಬ್ಬರಿಯ ಘಮ ಬರುತ್ತಿತ್ತು, ಹಿಂದೆ ಯಾವುದೋ ಗೂಡ್ಸ್ ಗಾಡಿ ಮುಗಿಯದ ಹಾಗೆ ಹೋಗುತ್ತಿತ್ತು, ಪಂಪು ತಂದ ನಾವು ನಾಲ್ಕೈದು ಜನ ಉಸಿರು ಬಿಗಿಹಿಡಿದು ಕೊಳವೆಯಲ್ಲಿ ಏರುವ ಹಳದಿ ಎಣ್ಣೆಯನ್ನು ನೋಡುತ್ತಾ ಕೂರುತ್ತಿದ್ದೆವು. ಎಣ್ಣೆ ಗೆರೆಗೆ ನಿಂತ ಮೇಲೆ ಅವರು ತಿರುಗಿ ನೋಡಿ, “ಏನ್ಲಾ, ಟೀ ಕುಡಿಯೋಣ್ವೇನ್ಲಾ?” ಎನ್ನುತ್ತಿದ್ದರು. ಆ ಟೀಗಾಗಿಯೇ ಎಷ್ಟೋ ಸಲ ಬೇಕೆಂದೇ ಒಂದು ಬಸ್ಸು ತಪ್ಪಿಸಿಕೊಂಡಿದ್ದೇನೆ. ನನ್ನ ಅಪ್ಪನೂ ನನ್ನನ್ನು ಅಷ್ಟು ಸಲಿಗೆಯಿಂದ ಮಾತಾಡಿಸಿದ್ದಿಲ್ಲ.

ಅವರ ಕೈ ಸೋಕಿದ ಪಂಪಿಗೆ ನಮ್ಮ ಕಡೆ ದೊಡ್ಡ ಹೆಸರು. ಕೆಸರುಗದ್ದೆಯಲ್ಲಿ ಬೇರೆ ಟ್ರಾಕ್ಟರುಗಳು ಉಸಿರುಕಟ್ಟಿ ನಿಂತರೆ, ಅರಸೀಕೆರೆಯಲ್ಲಿ ಪಂಪು ಮಾಡಿಸಿದ ಟ್ರಾಕ್ಟರು ಒಂದಿಷ್ಟು ಕಪ್ಪು ಹೊಗೆ ಬಿಟ್ಟು ಎಳೆದುಕೊಂಡು ಹೋಗುತ್ತಿತ್ತು. “ಅದು ಮೇಸ್ತ್ರಿ ಕೈಗುಣ ಕಣ್ರೀ” ಎಂದು ಗೆಂಡೆಹಳ್ಳಿಯವರೆಗೂ ಹೇಳುತ್ತಿದ್ದರು. ಅವರ ಶಿಷ್ಯನೇನೋ ಎನ್ನುವ ಹಾಗೆ ನಾನೂ ಬೀಗುತ್ತಿದ್ದೆ.

ಹಾಗಿರುವಾಗ ಒಂದು ದಿನ ಮೇಸ್ತ್ರಿಯೇ ಫೋನು ಮಾಡಿದರು. “ಗಾಜಿನ್ ಮ್ಯಾಲಿನ ಗೆರೆ ಕಾಣಾಕಿಲ್ಲ ಕಣ್ಲಾ. ಆಪರೇಷನ್ ಮಾಡಿಸ್ದೆ, ಆದ್ರೂ ಎಲ್ಲಾ ಮಸುಕು ಮಸುಕು. ಗುಜರಿಯವ್ನು ಬಂದು ಬೆಂಚ್ನ ತೂಕಕ್ಕೆ ಕೇಳ್ದ. ಬೈದು ಕಳಿಸ್ದೆ. ನೀನು ತಗಂತೀಯೇನೋ ಅಂತ.” ಆಮೇಲೆ ಬೆಲೆ ಹೇಳಿದರು. ಹಳೆಯ ಬೆಂಚಿಗೆ ಅದು ಕಡಿಮೆಯೇನಲ್ಲ.

ನನ್ನ ಹೆಂಡತಿ ಅರಸೀಕೆರೆಯ ಕೊಬ್ಬರಿ ಮಂಡಿಯವರ ಮಗಳು. ವರ್ಕ್‌ಶಾಪಿನ ಮುಂದಿನ ಸ್ಪೇರ್ ಪಾರ್ಟ್ಸ್ ಅಂಗಡಿ ಅವಳದು. ಕರಿಬೇವನ್ನೂ ಚೌಕಾಸಿ ಮಾಡದೆ ತಂದವಳಲ್ಲ. “ಹೊಸ ಟ್ರಾಕ್ಟರಿಗೆಲ್ಲ ಕಂಪ್ಯೂಟರ್ ಹಾಕಿ ನೋಡ್ತಾರಂತೆ. ಇದನ್ನ ತಂದು ಎಲ್ಲಿಗೆ ಹಚ್ಚೋದು?” ಎಂದಳು. ನಮ್ಮ ಸುತ್ತ ಇನ್ನೂ ಹಳೆಯ ಟ್ರಾಕ್ಟರುಗಳೇ ಹೆಚ್ಚು, ಹತ್ತು ವರ್ಷಕ್ಕೇನೂ ತೊಂದರೆಯಿಲ್ಲ ಎಂದೆ. “ಹಂಗಾದ್ರೆ ಪರೀಕ್ಷೆ ಮಾಡಿ ನೋಡ್ಕೊಂಡು ಬನ್ನಿ” ಎಂದಳು.

ನಾನು ಪರೀಕ್ಷೆಗೆ ಒಯ್ದದ್ದು ನಮ್ಮಪ್ಪನ ಟ್ರಾಕ್ಟರಿನ ಪಂಪು. ಅದಕ್ಕಿಂತ ಚೆನ್ನಾಗಿ ಓಡುವ ಪಂಪು ನಾನು ಕಂಡಿಲ್ಲ. ಅರಸೀಕೆರೆಗೆ ಹೋಗಿ ಮೇಸ್ತ್ರಿಯ ಬೆಂಚಿಗೆ ಬಿಗಿದು ತಿರುಗಿಸಿದೆ. ಮೂರು ಕೊಳವೆಯಲ್ಲೂ ಎಣ್ಣೆ ಗೆರೆಗೆ ಸರಿಯಾಗಿ ಬಂದು ನಿಂತಿತು. ಮನೆಗೆ ಬಂದು ಊಟಕ್ಕೆ ಕೂತು, ಕೊಳ್ಳುವುದೇ ಸೈ ಎಂದು ಹೇಳಿದೆ.

“ಅಲ್ರೀ, ಆ ಪಂಪು ಸೆಟ್ ಮಾಡಿಸಿದ್ದು ಎಲ್ಲಿ?” ಎಂದಳು.

“ಇನ್ನೆಲ್ಲಿ, ಮೇಸ್ತ್ರಿ ಹತ್ರಾನೇ.”

“ಅದೇ ಬೆಂಚಿನ ಮ್ಯಾಲೆ?”

“ಹೂಂ.”

“ಒಂದು ತಕ್ಕಡೀಲಿ ತೂಗಿದ ಕೊಬ್ಬರೀನ ಅದೇ ತಕ್ಕಡೀಲಿ ಇನ್ನೊಂದ್ಸಲ ತೂಗಿದ್ರೆ ಸರಿ ಬರ್ದೆ ಏನ್ ಬತ್ತೈತೆ? ತಕ್ಕಡಿ ಮ್ಯಾಲೆ ಅನುಮಾನ ಬಂದ್ರೆ ನಮ್ಮಪ್ಪ ಚೀಲಾನ ಪಕ್ಕದ ಮಂಡಿಗೆ ಹೊರಿಸ್ತಿದ್ರು.”

ಅವಳು ಹೇಳಿದ್ದು ಸರಿ ಎಂದು ತಕ್ಷಣ ಗೊತ್ತಾಯಿತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಮೇಸ್ತ್ರಿಯ ಬೆಂಚನ್ನು ಅನುಮಾನಿಸುವುದೆಂದರೇನು? ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಬಾಯಿ ಮುಚ್ಚಿಕೊಂಡು ಅದೇ ಪಂಪನ್ನು ಹಾಸನಕ್ಕೆ ಒಯ್ದೆ.

ಹಾಸನದ ಅಂಗಡಿಯವನು ತನ್ನ ಬೆಂಚಿನಲ್ಲಿ ಅದನ್ನು ತಿರುಗಿಸಿ, “ಎಲ್ಲಿ ಮಾಡಿಸಿದ್ದು ಸಾರ್? ಡೀಸೆಲ್ ಜಾಸ್ತಿ ಬಿಟ್ಟವ್ರೆ” ಎಂದ. ನಂಬದೆ, ಮೇಸ್ತ್ರಿ ಮಾಡಿದ ಇನ್ನೊಂದು ಪಂಪನ್ನು ಬೇರೊಂದು ಅಂಗಡಿಗೆ ಒಯ್ದೆ. ಅಲ್ಲೂ ಅದೇ ಮಾತು. ಮೇಸ್ತ್ರಿಯ ಬೆಂಚು ಇರುವುದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಕಡಿಮೆ ಕಂಡದ್ದಕ್ಕೆ ಅವರು ಎಣ್ಣೆ ಹೆಚ್ಚು ಬಿಟ್ಟು ಗೆರೆಗೆ ತರುತ್ತಿದ್ದರು. ಆ ಎಳೆತ, ಆ ಕಪ್ಪು ಹೊಗೆ, ಊರೆಲ್ಲ ಕೊಂಡಾಡಿದ ಆ ಕೈಗುಣ, ಎಲ್ಲವೂ ಬೆಂಚಿನ ತಪ್ಪಿನಿಂದ ಬಂದದ್ದು.

ಹಾಸನದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಮೊದಲು ಮೇಸ್ತ್ರಿಯ ಮೇಲೆ ಸಿಟ್ಟು ಬಂತು, ಆಮೇಲೆ ಬಾಯಿಬಿಟ್ಟು ಅಳುವಷ್ಟು ದುಃಖವಾಯಿತು. ಅವರು ಮೋಸ ಮಾಡಿದವರಲ್ಲ. ಕಣ್ಣಲ್ಲಿ ಕಣ್ಣಿಟ್ಟು ಗೆರೆ ನೋಡಿದವರು.

ಹೆಂಡತಿಗೆ ಹೇಳಿದೆ. ಅವಳು ಗೆದ್ದೆ ಎಂದು ಮೆರೆಯಲಿಲ್ಲ, ಆದರೆ ಲೆಕ್ಕ ಬಿಡಲಿಲ್ಲ. “ತಪ್ಪು ತೋರ್ಸೋ ಬೆಂಚಿಗೆ ಅಷ್ಟು ಯಾಕೆ ಕೊಡ್ಬೇಕು? ರಿಪೇರಿಗೆ ಬೇರೆ ಸುರೀಬೇಕು. ನಿಮಗೆ ಹೇಳೋಕೆ ನಾಚ್ಕೆ ಆದ್ರೆ ನಾನೇ ಹೇಳ್ತೀನಿ” ಎಂದು ಹೊರಟೇಬಿಟ್ಟಳು. ಬಸ್ಸಿನುದ್ದಕ್ಕೂ ಯಾವ ಮಾತನ್ನು ಮೊದಲು ಆಡಬೇಕು, ಯಾವುದನ್ನು ಆಮೇಲೆ ಎಂದು ಗೊಣಗಿಕೊಳ್ಳುತ್ತಲೇ ಇದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಹೇಳಿದರೆ ಆ ಮನುಷ್ಯ ಇಷ್ಟು ವರ್ಷದ ದುಡಿಮೆಯನ್ನು ಯಾವ ಮುಖದಿಂದ ನೆನೆಸಿಕೊಳ್ಳಬೇಕು? ಹೇಳದಿದ್ದರೆ ನಾನೇ ಮೋಸಹೋಗಬೇಕು.

ಮೇಸ್ತ್ರಿ ಬೆಂಚನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕುಂಕುಮವಿಟ್ಟು, ಮೇಲೊಂದು ಮೊಳ ಕನಕಾಂಬರ ಹಾಕಿದ್ದರು. ಹೆಂಡತಿಗೆ ಸ್ಟೂಲು ಒರೆಸಿ ಕೊಟ್ಟು, “ಕೂತ್ಕೋ ತಾಯಿ. ನಿಮ್ಮಪ್ಪನ ಮಂಡಿ ಲಾರಿ ಪಂಪೂ ನಾನೇ ಮಾಡಿದ್ದು” ಎಂದರು. ಅವಳು ಬಾಯಿ ತೆರೆಯುವುದರೊಳಗೆ, ತೋರಿಸುವ ಉತ್ಸಾಹದಲ್ಲಿ ತಡವುತ್ತಾ ಒಂದು ಪಂಪು ಬಿಗಿದು ಸ್ವಿಚ್ಚು ಹಾಕಿಯೇಬಿಟ್ಟರು. ಈಗ ಮಾತಾಡಕೂಡದೆಂದು ನಾನು ಅಭ್ಯಾಸಬಲದಿಂದ ಅವಳಿಗೆ ಸನ್ನೆ ಮಾಡಿದೆ. ಎಣ್ಣೆ ಏರಿತು. ಮೇಸ್ತ್ರಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಕಾಣಲಿಲ್ಲ. ತಿರುಗಿ ಅವಳನ್ನೇ ಕೇಳಿದರು:

“ನೀನೇ ನೋಡಿ ಹೇಳು ತಾಯಿ. ಗೆರೆಗೆ ನಿಂತೈತಾ?”

ಅವಳು ಎದ್ದು ಸೆರಗು ಸರಿಪಡಿಸಿಕೊಂಡು ಕೊಳವೆಗಳ ಮುಂದೆ ಬಗ್ಗಿದಳು. ತುಂಬ ಹೊತ್ತು ನೋಡಿದಳು.

“ನಿಂತೈತೆ ಅಣ್ಣಾ” ಎಂದಳು. “ಸರಿಯಾಗಿ ಗೆರೆಗೇ ನಿಂತೈತೆ.”

“ನಿಂತೇ ನಿಂತೈತೆ” ಎಂದರು ಮೇಸ್ತ್ರಿ. ಅವರ ಮುಖ ನೋಡಬೇಕಿತ್ತು. “ಬೆಲೆ ಜಾಸ್ತಿ ಆಯ್ತೇನು ತಾಯಿ? ಮಂಡಿಯವ್ರ ಮಗಳು, ಏನಾದ್ರೂ ಕಮ್ಮಿ ಕೇಳು.”

“ಏನೂ ಬ್ಯಾಡ ಅಣ್ಣಾ. ನೀವು ಹೇಳಿದ್ದೇ ಆಯ್ತು” ಎಂದು ಬ್ಯಾಗಿನಿಂದ ಮುಂಗಡ ತೆಗೆದು, ಎರಡೂ ಕೈಯಲ್ಲಿ ಕೊಟ್ಟಳು.

ಬೆಂಚು ಬಂತು. ಹಾಸನದವರನ್ನು ಕರೆಸಿ ಸವೆದದ್ದನ್ನು ಬದಲಾಯಿಸಿ ಅಳತೆ ಸರಿಮಾಡಿಸಿದೆ. ಮೇಸ್ತ್ರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಫೋನು ಮಾಡಿದಾಗಲೆಲ್ಲ “ಹೆಂಗೈತ್ಲಾ ನನ್ನ ಬೆಂಚು?” ಎಂದು ಕೇಳುತ್ತಿದ್ದರು. ಈಗ ಅವರಿಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಈಗ ನನ್ನಲ್ಲಿ ಮಾಡಿಸಿದ ಪಂಪು ಕಪ್ಪು ಹೊಗೆ ಬಿಡುವುದಿಲ್ಲ. ಆ ಎಳೆತವೂ ಇಲ್ಲ. ಮೊನ್ನೆ ಗೆಂಡೆಹಳ್ಳಿಯ ರೈತರೊಬ್ಬರು ಅಂಗಡಿಯ ಮುಂದೆ ಟ್ರಾಕ್ಟರು ನಿಲ್ಲಿಸಿ, ನಾಲ್ಕು ಜನರೆದುರಿಗೇ ಅಂದರು: “ಡೀಸೆಲ್ಲೇನೋ ಉಳೀತೈತೆ ಕಣ್ರೀ. ಆದ್ರೆ ಏನೇ ಹೇಳಿ, ಬೆಂಚು ಅದೇ ಆದ್ರೂ ಮೇಸ್ತ್ರಿ ಕೈಗುಣ ನಿಮಗೆ ಬರ್ಲಿಲ್ಲ.”

ಸ್ಪೇರ್ ಪಾರ್ಟ್ಸ್ ಎಣಿಸುತ್ತಿದ್ದ ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಕೋಪ ಅವಳಿಗೆ ಗೊತ್ತಲ್ಲ. ನಾನು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು, ಬಟ್ಟೆಗೆ ಕೈ ಒರೆಸಿಕೊಂಡೆ.

“ಹೌದು ಕಣಣ್ಣಾ” ಎಂದೆ. “ಆ ಕೈಗುಣ ನನಗೆಲ್ಲಿ ಬರ್ಬೇಕು?”